ಒಂದೇ ಸೂರು, ಎಷ್ಟು ಒಲೆ? ಜಾವಾ ಆ್ಯಪ್‌ಗಳನ್ನು ಒಂದೇ ಮೆಷಿನ್ನಿನಲ್ಲಿ ಇಡುವ ದಾರಿಗಳು

ಹೋದ ಸಲದ ಕಾಫಿ ಹಣ್ಣು ಕೊಯ್ಲಿನ ಸಮಯ. ಶನಿವಾರ ಸಂಜೆ ನಾಲ್ಕೂವರೆಗೆ ಆಲ್ದೂರು ಕಡೆಯ ಒಂದು ತೋಟದಿಂದ ರೈಟರ್ (ಲೆಕ್ಕ ಬರೆಯುವವರು) ಫೋನ್ ಮಾಡಿದರು. 'ಸಾರ್, ಚೆಕ್‌ರೋಲ್ ಓಪನ್ನೇ ಆಗ್ತಿಲ್ಲ. ಬಟವಾಡೆಗೆ ಆಳುಗಳೆಲ್ಲ ಬಂದು ನಿಂತಿದ್ದಾರೆ.'

ಯಾರು ಎಷ್ಟು ಕೆ.ಜಿ. ಹಣ್ಣು ಕೊಯ್ದರು, ಯಾರಿಗೆ ಎಷ್ಟು ಮುಂಗಡ ಹೋಗಿದೆ, ಎಲ್ಲ ಆ ಚೆಕ್‌ರೋಲ್ ಆ್ಯಪ್‌ನಲ್ಲೇ ಇರುವುದು. ಅದಿಲ್ಲದೆ ಸಂಬಳ ಕೊಡುವ ಹಾಗಿಲ್ಲ. ಆದರೆ ಆ ಆ್ಯಪ್‌ಗೆ ನಾನು ತಿಂಗಳಿಂದ ಕೈ ಹಾಕಿರಲಿಲ್ಲ. ಲಾಗ್ ತೆಗೆದು ನೋಡಿದರೆ ತಪ್ಪು ಅದರದ್ದಲ್ಲ, ಪಕ್ಕದ್ದರದ್ದು. ಅದೇ ಟಾಮ್‌ಕ್ಯಾಟ್‌ನಲ್ಲಿ, ಅಂದರೆ ಜಾವಾ ವೆಬ್ ಆ್ಯಪ್‌ಗಳನ್ನು ಓಡಿಸುವ ಸರ್ವರಿನಲ್ಲಿ, ಒಂದು ಹೋಂಸ್ಟೇ ಬುಕಿಂಗ್ ಆ್ಯಪ್ ಕೂಡ ಓಡುತ್ತಿತ್ತು. ಅದರ ಮಾಲೀಕರು ಇಡೀ ವರ್ಷದ ಬುಕಿಂಗನ್ನು ಎಕ್ಸೆಲ್‌ಗೆ ಇಳಿಸಲು ಬಟನ್ ಒತ್ತಿದ್ದಾರೆ. ಬರಲಿಲ್ಲ ಅಂತ ಇನ್ನೊಮ್ಮೆ ಒತ್ತಿದ್ದಾರೆ. ಮತ್ತೊಮ್ಮೆ ಕೂಡ. ಆ ಎಕ್ಸೆಲ್ ಬರೆಯುವ ಕೋಡ್ ಇಡೀ ಹಾಳೆಯನ್ನು ಮೆಮೊರಿಯಲ್ಲಿ ಕಟ್ಟಿಕೊಂಡು ಆಮೇಲೆ ಫೈಲಿಗೆ ಹಾಕುವಂಥದ್ದು. ಅದನ್ನು ಬರೆದವನು ನಾನೇ. ಮೂರು ಹಾಳೆ ಒಟ್ಟಿಗೆ ಕಟ್ಟುವಷ್ಟರಲ್ಲಿ ಹೀಪ್ (ಜಾವಾ ತನ್ನ ಕೆಲಸಕ್ಕೆ ಇಟ್ಟುಕೊಳ್ಳುವ ಮೆಮೊರಿ) ತುಂಬಿ ಟಾಮ್‌ಕ್ಯಾಟ್ ಉಸಿರುಗಟ್ಟಿತು.

ನನಗೆ ಸಿಟ್ಟು ಬಂದದ್ದು ಇದಕ್ಕಲ್ಲ. ಎರಡನ್ನೂ ಬೇರೆ ಬೇರೆ ವೆಬ್ ಕಂಟೇನರಿನಲ್ಲಿ ಇಟ್ಟಿದ್ದೆ. ಪೋರ್ಟ್ (ಆ್ಯಪ್ ತೆರೆಯುವ ಬಾಗಿಲಿನ ನಂಬರ್) ಬೇರೆ, ಫೋಲ್ಡರ್ ಬೇರೆ, ಹೆಸರೂ ಬೇರೆ. ಹಾಗಾಗಿ ಎರಡೂ ಬೇರೆಯೇ ಅಂದುಕೊಂಡಿದ್ದೆ. ಬೇರೆ ಇದ್ದದ್ದು ಬಾಗಿಲು ಮಾತ್ರ.

ತೋಟದ ಲೈನ್ ಮನೆ ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಸಾಲಾಗಿ ಆರು ಬಾಗಿಲು, ಆರು ಸಂಸಾರ, ಮೇಲೆ ಒಂದೇ ಸೂರು. ಗೋಡೆ ಮಾಡಿನವರೆಗೆ ಹೋಗಿರುವುದಿಲ್ಲ. ಮೂರನೇ ಮನೆಯಲ್ಲಿ ಹಸಿ ಸೌದೆ ಹಚ್ಚಿದರೆ ಆರನೇ ಮನೆಯವರಿಗೂ ಕಣ್ಣುರಿ. ಒಂದು ಸರ್ವರಿನೊಳಗೆ ಹಲವು ಕಂಟೇನರ್ ಓಡಿಸುವುದೂ ಹೀಗೇ. ಇದು ತಪ್ಪು ಅಂತ ಹೇಳುತ್ತಿಲ್ಲ. ಯಾವಾಗ ಇದು ಸಾಕು, ಯಾವಾಗ ಸಾಲದು ಅನ್ನುವುದಕ್ಕೇ ಈ ಬರಹ.

ಮೊದಲೇ ಒಂದು ಮಾತು. ಇಲ್ಲಿ ಕಂಟೇನರ್ ಅಂದರೆ ಸರ್ವ್‌ಲೆಟ್, ಜೆಎಸ್‌ಪಿ (ಜಾವಾದಲ್ಲಿ ವೆಬ್ ಪುಟ ಕೊಡುವ ಕೋಡ್) ಓಡಿಸುವ ವೆಬ್ ಕಂಟೇನರ್: ಟಾಮ್‌ಕ್ಯಾಟ್, ಜೆಟ್ಟಿ, ಅಂಡರ್‌ಟೋ ಇಂಥವು. ಈಗಿನ ಹುಡುಗರಿಗೆ ಕಂಟೇನರ್ ಅಂದರೆ ಡಾಕರ್. ನಮ್ಮ ಚಿಕ್ಕಮಗಳೂರಿನಲ್ಲಿ ಕೇಳಿದರೆ ಕಾಫಿ ತುಂಬಿಕೊಂಡು ಮಂಗಳೂರು ಬಂದರಿಗೆ ಹೋಗುವ ಲಾರಿ ತೋರಿಸುತ್ತಾರೆ. ಡಾಕರ್ ವಿಷಯ ಕೊನೆಗೆ ಬರುತ್ತದೆ.

ಎಲ್ಲಕ್ಕೂ ಒಂದೇ ಟಾಮ್‌ಕ್ಯಾಟ್

ವೆಬ್‌ಆ್ಯಪ್ಸ್ ಫೋಲ್ಡರಿಗೆ ನಾಲ್ಕು ವಾರ್ ಫೈಲ್ (ಒಂದೊಂದರಲ್ಲೂ ಒಂದು ಆ್ಯಪ್ ಗಂಟು ಕಟ್ಟಿದ್ದು) ಹಾಕಿದರೆ ನಾಲ್ಕು ಆ್ಯಪ್ ಓಡುತ್ತವೆ. ಬಹುತೇಕ ಎಲ್ಲರೂ ಶುರು ಮಾಡುವುದು ಇಲ್ಲಿಂದಲೇ. ಮೆಮೊರಿ ಉಳಿತಾಯ, ಕೆಲಸ ಕಡಿಮೆ. ಬೇರೆ ಬೇರೆ ಹೆಸರಿನ ಸೈಟ್ ಬೇಕಾದರೆ ಟಾಮ್‌ಕ್ಯಾಟ್ ಸೆಟ್ಟಿಂಗಿನಲ್ಲಿ ಒಂದೇ ಎಂಜಿನ್ ಒಳಗೆ ಎರಡು ಹೋಸ್ಟ್ (ಸೈಟ್ ಹೆಸರು) ಬರೆದರೆ ಮುಗಿಯಿತು. ಎರಡಕ್ಕೂ ಒಂದೇ ಪೋರ್ಟ್ ಸಾಕು, ಬ್ರೌಸರ್ ಕಳಿಸುವ ಹೆಸರು ನೋಡಿ ಟಾಮ್‌ಕ್ಯಾಟೇ ದಾರಿ ತೋರಿಸುತ್ತದೆ. ತುಂಬ ಜನ ಹೆಸರು ಬೇರೆ ಮಾಡಬೇಕಾದ ಕಡೆ ಸುಮ್ನೆ ಎರಡನೇ ಕಂಟೇನರ್ ಹಾಕಲು ಹೊರಡುತ್ತಾರೆ. ಬೇಕಾಗಿಲ್ಲ.

ಒಬ್ಬರದೇ ನಾಲ್ಕು ಚಿಕ್ಕ ಆ್ಯಪ್ ಇದ್ದು, ನಾಲ್ಕೂ ಒಟ್ಟಿಗೆ ಹತ್ತು ನಿಮಿಷ ನಿಂತರೆ ಯಾರೂ ಬಯ್ಯುವುದಿಲ್ಲ ಅಂದರೆ ಇಲ್ಲೇ ಇರಿ.

ಒಂದು ಸರ್ವರ್, ಹಲವು ಕಂಟೇನರ್

ನಾನು ಮಾಡಿಕೊಂಡಿದ್ದು ಇದನ್ನು. ಟಾಮ್‌ಕ್ಯಾಟ್‌ನ ಸರ್ವರ್ ಎಕ್ಸ್‌ಎಂಎಲ್ ಫೈಲಿನಲ್ಲಿ ಸರ್ವರ್ ಒಳಗೆ ಸರ್ವಿಸ್, ಸರ್ವಿಸ್ ಒಳಗೆ ಕನೆಕ್ಟರ್ ಮತ್ತು ಎಂಜಿನ್, ಎಂಜಿನ್ ಒಳಗೆ ಹೋಸ್ಟ್. ಪೋರ್ಟ್ ಹಿಡಿದು ಕೂರುವುದು ಕನೆಕ್ಟರ್, ಬಂದದ್ದನ್ನು ನೋಡಿಕೊಳ್ಳುವುದು ಎಂಜಿನ್. ಎರಡನೇ ಸರ್ವಿಸ್ ಬರೆದರೆ ಎರಡನೇ ಕಂಟೇನರ್ ಸಿಗುತ್ತದೆ. 8080ರಲ್ಲಿ ಒಂದು, 8081ರಲ್ಲಿ ಇನ್ನೊಂದು. ಎರಡೂ ಒಂದೇ ಜೆವಿಎಂ (ಜಾವಾ ಕೋಡನ್ನು ಓಡಿಸುವ ಪ್ರೋಗ್ರಾಂ) ಒಳಗೆ.

ಇದರಲ್ಲಿ ಮೂರು ಕಡೆ ಎಡವಿದ್ದೇನೆ. ಸರ್ವಿಸ್ ಮತ್ತು ಎಂಜಿನ್ ಹೆಸರು ಎರಡು ಕಡೆಯೂ ಬೇರೆ ಇರಲೇಬೇಕು. ಕಾಪಿ ಹೊಡೆದು ಹೆಸರು ಬದಲಿಸದೆ ಬಿಟ್ಟರೆ ಒಳಗೆ ಹೆಸರುಗಳು ಡಿಕ್ಕಿ ಹೊಡೆಯುತ್ತವೆ. ಅದರ ಜೊತೆಗೆ, ಆ್ಯಪ್‌ನ ಕಾಂಟೆಕ್ಸ್ಟ್ ಫೈಲ್ (ಆ ಆ್ಯಪ್‌ನ ಸೆಟ್ಟಿಂಗ್) ಇಡುವ ಜಾಗ ಎಂಜಿನ್ ಹೆಸರಿನ ಮೇಲೆ ನಿಂತಿದೆ. ಎಂಜಿನ್ ಹೆಸರು 'ಹೋಂಸ್ಟೇ' ಆದರೆ ಕಾನ್ಫ್ (ಸೆಟ್ಟಿಂಗ್ ಫೋಲ್ಡರ್) ಒಳಗೆ ಹೋಂಸ್ಟೇ ಅನ್ನುವ ಫೋಲ್ಡರ್, ಅದರೊಳಗೆ ಹೋಸ್ಟ್ ಹೆಸರಿನ ಫೋಲ್ಡರ್, ಅಲ್ಲಿ ಇಡಬೇಕು. ಮೊದಲ ಎಂಜಿನ್ನಿನ ಹಳೇ ಕ್ಯಾಟಲೀನಾ ಫೋಲ್ಡರಿನಲ್ಲೇ ಬಿಟ್ಟರೆ ಹೊಸ ಎಂಜಿನ್ ಅದನ್ನು ತಿರುಗಿಯೂ ನೋಡುವುದಿಲ್ಲ.

ಎರಡನೆಯದು ನನ್ನ ಮಾನ ಕಳೆದದ್ದು. ಹೊಸ ಹೋಸ್ಟ್ ಬರೆಯುವಾಗ ಆ್ಯಪ್‌ಬೇಸ್, ಅಂದರೆ ಆ್ಯಪ್ ಹುಡುಕುವ ಫೋಲ್ಡರ್, ಬದಲಿಸುವುದು ಮರೆತೆ. ಎರಡೂ ಕಂಟೇನರ್ ಒಂದೇ ವೆಬ್‌ಆ್ಯಪ್ಸ್ ಫೋಲ್ಡರ್ ನೋಡುತ್ತಿದ್ದವು. ತೆರೆದು ನೋಡಿದರೆ ಎರಡು ಪೋರ್ಟಿನಲ್ಲೂ ಆ್ಯಪ್ ಚೆನ್ನಾಗಿ ಕಾಣುತ್ತದೆ, ಎಲ್ಲ ಸರಿ ಇದೆ ಅನಿಸುತ್ತದೆ. ನಿಜವಾಗಿ ಆಗಿದ್ದೇನೆಂದರೆ ಪ್ರತಿ ಆ್ಯಪೂ ಎರಡೆರಡು ಸಲ ಲೋಡ್ ಆಗಿ ಕೂತಿತ್ತು. ಮೆಮೊರಿ ಎರಡರಷ್ಟು, ಬೆಳಿಗ್ಗೆ ಆರು ಗಂಟೆಗೆ ಓಡುವ ಟೈಮರ್ ಕೆಲಸವೂ ಎರಡು ಸಲ. ಹೋಂಸ್ಟೇಗೆ ಬರುವವರಿಗೆಲ್ಲ 'ಇಂದು ನಿಮ್ಮ ಚೆಕ್ ಇನ್' ಅನ್ನುವ ಎಸ್‌ಎಂಎಸ್ ಜೋಡಿ ಜೋಡಿಯಾಗಿ ಹೋಗುತ್ತಿತ್ತು. ಗೊತ್ತಾಗಲು ನಾಲ್ಕು ದಿನ ಬೇಕಾಯಿತು, ಅದೂ ಎಸ್‌ಎಂಎಸ್ ಬಿಲ್ ನೋಡಿ.

ಮೂರನೆಯದು ಕುಕ್ಕೀ, ಲಾಗಿನ್ ನೆನಪಿಗೆ ಬ್ರೌಸರ್ ಇಟ್ಟುಕೊಳ್ಳುವ ಚೀಟಿ. ಒಂದೇ ಐಪಿ ವಿಳಾಸದಲ್ಲಿ 8080, 8081 ಅಂತ ಎರಡು ಆ್ಯಪ್ ತೆರೆದು, ಒಂದಕ್ಕೆ ಲಾಗಿನ್ ಆದೆ. ಇನ್ನೊಂದು ಟ್ಯಾಬಿನಲ್ಲಿ ಎರಡನೆಯದಕ್ಕೆ ಲಾಗಿನ್ ಆದೆ. ಮೊದಲನೆಯದಕ್ಕೆ ವಾಪಸ್ ಬಂದರೆ ಲಾಗೌಟ್! ಅರ್ಧ ದಿನ ಸೆಷನ್ ಕೋಡ್ ಕೆದಕಿದೆ. ಕಾರಣ ಕೋಡಿನಲ್ಲಿ ಇರಲೇ ಇಲ್ಲ. ಬ್ರೌಸರ್ ಕುಕ್ಕೀಯನ್ನು ಹೋಸ್ಟ್ ಹೆಸರು ಮತ್ತು ಪಾತ್ ನೋಡಿ ಇಟ್ಟುಕೊಳ್ಳುತ್ತದೆ, ಪೋರ್ಟ್ ನೋಡುವುದಿಲ್ಲ. ಎರಡೂ ಆ್ಯಪ್ ರೂಟ್ ಪಾತ್‌ನಲ್ಲಿ ಇದ್ದವು, ಎರಡೂ ಜೆಸೆಷನ್‌ಐಡಿ ಅನ್ನುವ ಒಂದೇ ಹೆಸರಿನ ಕುಕ್ಕೀ ಕೊಡುತ್ತಿದ್ದವು. ಒಂದು ಇನ್ನೊಂದನ್ನು ಅಳಿಸಿ ತನ್ನದು ಬರೆಯುತ್ತಿತ್ತು. ಕಾಂಟೆಕ್ಸ್ಟ್‌ನಲ್ಲಿ ಸೆಷನ್ ಕುಕ್ಕೀಗೆ ಬೇರೆ ಹೆಸರು ಕೊಟ್ಟ ಮೇಲೆ ಸರಿಯಾಯಿತು. ಬೇರೆ ಬೇರೆ ಹೋಸ್ಟ್ ಹೆಸರಿನಲ್ಲಿ ತೆರೆದಿದ್ದರೆ ಈ ತೊಂದರೆಯೇ ಇರುತ್ತಿರಲಿಲ್ಲ. ಇದು ಮುಂದೆ ಹೇಳುವ ಬೇರೆ ಬೇರೆ ಜೆವಿಎಂ ದಾರಿಯಲ್ಲೂ ಬರುತ್ತದೆ, ನೆನಪಿಟ್ಟುಕೊಳ್ಳಿ.

ಟಾಮ್‌ಕ್ಯಾಟ್ ಒಂದೇ ಹೀಗಲ್ಲ. ವೈಲ್ಡ್‌ಫ್ಲೈ ಅನ್ನುವ ಇನ್ನೊಂದು ಜಾವಾ ಸರ್ವರಿನಲ್ಲಿ 2014ರ 8ನೇ ಆವೃತ್ತಿಯಿಂದ ಅಂಡರ್‌ಟೋ ಇದೆ. ಅದರ ಸೆಟ್ಟಿಂಗಿನಲ್ಲೂ ಎರಡನೇ ಸರ್ವರ್ ಸೇರಿಸಿ ಬೇರೆ ಪೋರ್ಟಿಗೆ ಕಟ್ಟಬಹುದು. ಯಾವ ಆ್ಯಪ್ ಯಾವುದಕ್ಕೆ ಅನ್ನುವುದನ್ನು ಆ್ಯಪ್ ಒಳಗಿನ ಜೆಬಾಸ್ ವೆಬ್ ಎಕ್ಸ್‌ಎಂಎಲ್‌ನಲ್ಲಿ ಬರೆಯಬೇಕು. ಅಪಾಚೆ ಜೆರೊನಿಮೊ ಅಂತ ಇನ್ನೊಂದಿತ್ತು. ಟಾಮ್‌ಕ್ಯಾಟ್ ಇರುವ ಪ್ಯಾಕ್, ಜೆಟ್ಟಿ ಇರುವ ಪ್ಯಾಕ್ ಅಂತ ಎರಡು ಬಗೆಯಲ್ಲಿ ಸಿಗುತ್ತಿತ್ತು. ಒಂದೇ ಸರ್ವರಿನಲ್ಲಿ ಎರಡನೇ ವೆಬ್ ಕಂಟೇನರ್ ಸೇರಿಸಿ, ಯಾವ ಆ್ಯಪ್ ಯಾವ ಕಂಟೇನರಿಗೆ ಅಂತ ಪ್ಲ್ಯಾನ್ ಫೈಲಿನಲ್ಲೇ ಹೇಳಬಹುದಿತ್ತು. ಆಗ ನೋಡಿದಾಗ ಬಹಳ ಸೊಗಸು ಅನಿಸಿತ್ತು. ಆ ಸರ್ವರಿನ ಕೆಲಸ ನಿಂತು ವರ್ಷಗಳಾದವು. ಈಗ ಹೊಸದಾಗಿ ಅದಕ್ಕೆ ಕೈ ಹಾಕಬೇಡಿ, ಹಳೆಯದು ಓಡುತ್ತಿದ್ದರೆ ಹೊರಗೆ ಬರುವ ದಾರಿ ಹುಡುಕಿ.

ಇಷ್ಟೆಲ್ಲ ಬೈದ ಮೇಲೆ, ಈ ದಾರಿ ಯಾವುದಕ್ಕೆ ಒಳ್ಳೆಯದು? ಬಾಗಿಲೇ ಮುಖ್ಯವಾದಾಗ. ಆಡಳಿತದ ಪುಟಗಳನ್ನು ಆಫೀಸಿನ ಒಳಗಿನಿಂದ ಮಾತ್ರ ತೆರೆಯಬೇಕು, ಬುಕಿಂಗ್ ಪುಟ ಊರಿಗೆಲ್ಲ ಬೇಕು ಅನ್ನಿ. ಒಂದು ಕನೆಕ್ಟರನ್ನು ಒಳಗಿನ ಐಪಿಗೆ ಮಾತ್ರ ಕಟ್ಟಿ, ಇನ್ನೊಂದನ್ನು ಹೊರಗೆ ಬಿಡಬಹುದು. ಎರಡು ಬಾಗಿಲಿಗೂ ಥ್ರೆಡ್ (ಒಂದೊಂದು ಕೋರಿಕೆ ನೋಡಿಕೊಳ್ಳುವ ಆಳು) ಬೇರೆ ಬೇರೆ ಎಣಿಸಿ ಕೊಡಬಹುದು. ಕನೆಕ್ಟರಿಗೆ ತಾನಾಗಿ ಸಿಗುವುದು ಗರಿಷ್ಠ 200 ಥ್ರೆಡ್, ಹೊರಗಿನವರು ಆ 200 ತುಂಬಿಸಿದರೂ ಒಳಗಿನ ಬಾಗಿಲು ತೆರೆದೇ ಇರುತ್ತದೆ. ಇದು ನಿಜವಾದ ಲಾಭ. ಆದರೆ ಹೀಪ್ ಒಂದೇ, ಜಾವಾ ಆವೃತ್ತಿ ಒಂದೇ, ಕ್ಯಾಟಲೀನಾ ಔಟ್ ಲಾಗ್ ಒಂದೇ. ನಿಲ್ಲಿಸುವ 8005 ಪೋರ್ಟ್ ಕೂಡ ಇಡೀ ಸರ್ವರಿಗೆ ಒಂದೇ. ಚೆಕ್‌ರೋಲ್‌ಗೆ ಏನೋ ಹಾಕಲು ಶಟ್‌ಡೌನ್ ಕೊಟ್ಟರೆ ಹೋಂಸ್ಟೇಯೂ ಮಲಗುತ್ತದೆ.

ಬೇರೆ ಬೇರೆ ಜೆವಿಎಂ, ಒಂದೇ ಟಾಮ್‌ಕ್ಯಾಟ್ ಪ್ರೋಗ್ರಾಂ

ಆ ಶನಿವಾರದ ನಂತರ ನಾನು ಬಂದು ನಿಂತದ್ದು ಇಲ್ಲಿ. ಐ.ಜಿ. ರಸ್ತೆಯ ನಮ್ಮ ಪುಟ್ಟ ಆಫೀಸಿನ 8 ಜಿಬಿ ಮೆಷಿನ್ನಿಗೆ ನನ್ನ ಮಟ್ಟಿಗೆ ಇದೇ ಸರಿ.

ಟಾಮ್‌ಕ್ಯಾಟ್‌ನಲ್ಲಿ ಕ್ಯಾಟಲೀನಾ ಹೋಮ್ ಮತ್ತು ಕ್ಯಾಟಲೀನಾ ಬೇಸ್ ಅಂತ ಎರಡು ಇವೆ. ಒಂದೇ ಇನ್‌ಸ್ಟನ್ಸ್ ಇದ್ದಾಗ ಎರಡೂ ಒಂದೇ ಫೋಲ್ಡರ್ ಆಗಿರುವುದರಿಂದ ಯಾರ ಕಣ್ಣಿಗೂ ಬೀಳುವುದಿಲ್ಲ. ಹೋಮ್ ಅಂದರೆ ಪ್ರೋಗ್ರಾಂ: ಅದರ ಜಾರ್ ಫೈಲ್, ಸ್ಕ್ರಿಪ್ಟ್. ಬೇಸ್ ಅಂದರೆ ಆ ಇನ್‌ಸ್ಟನ್ಸಿನ ಸಂಸಾರ: ಕಾನ್ಫ್, ಲಾಗ್ಸ್, ಟೆಂಪ್, ವೆಬ್‌ಆ್ಯಪ್ಸ್, ವರ್ಕ್. ಹೋಮ್ ಒಂದೇ ಇಟ್ಟು ಬೇಸ್ ಮೂರು ಮಾಡಿದರೆ ಮೂರು ಟಾಮ್‌ಕ್ಯಾಟ್, ಮೂರು ಜೆವಿಎಂ. ಭದ್ರತೆಯ ಅಪ್‌ಡೇಟ್ ಬಂದಾಗ ಹೋಮ್ ಒಂದನ್ನು ಬದಲಿಸಿ ಒಂದೊಂದಾಗಿ ರೀಸ್ಟಾರ್ಟ್ ಮಾಡಿದರೆ ಸಾಕು. ಪ್ರತಿ ಬೇಸ್ ಒಳಗೆ ಬಿನ್ ಅಂತ ಫೋಲ್ಡರ್ ಮಾಡಿ ಸೆಟ್‌ಎನ್ವ್ ಸ್ಕ್ರಿಪ್ಟ್ ಇಟ್ಟರೆ ಅದಕ್ಕೆ ಬೇಕಾದ ಮೆಮೊರಿ, ಬೇಕಾದ ಜಾವಾ ಅಲ್ಲೇ ಬರೆಯಬಹುದು.

ಪೋರ್ಟ್ ಮಾತ್ರ ನೀವೇ ನೋಡಿಕೊಳ್ಳಬೇಕು. ಎಚ್‌ಟಿಟಿಪಿ ಪೋರ್ಟ್ ಎಲ್ಲರೂ ಬದಲಿಸುತ್ತಾರೆ, 8005 ಮರೆಯುತ್ತಾರೆ. ಎರಡನೆಯದು ಏಳುವುದೇ ಇಲ್ಲ. ನಾನು ಶಟ್‌ಡೌನ್ ಪೋರ್ಟಿಗೆ -1 ಕೊಟ್ಟು ಮುಚ್ಚಿಬಿಟ್ಟಿದ್ದೇನೆ, ನಿಲ್ಲಿಸುವ ಕೆಲಸ ಲಿನಕ್ಸ್‌ನ ಸಿಸ್ಟಮ್‌ಡಿ ಮಾಡುತ್ತದೆ. ಹಳೇ ಸರ್ವರ್ ಎಕ್ಸ್‌ಎಂಎಲ್ ಕಾಪಿ ಮಾಡುವವರು 8009ರ ಎಜೆಪಿ ಕನೆಕ್ಟರ್ (ಮುಂದೆ ಕೂತ ವೆಬ್ ಸರ್ವರ್ ಜೊತೆ ಮಾತಾಡುವ ಬಾಗಿಲು) ತೆರೆದೇ ಇದೆಯಾ ಅಂತ ನೋಡಿ. 2020ರ ಘೋಸ್ಟ್‌ಕ್ಯಾಟ್ ಅನ್ನುವ ಭದ್ರತೆಯ ದೋಷ ಬಂದದ್ದು ಅದರಲ್ಲೇ. ಟಾಮ್‌ಕ್ಯಾಟ್ 9.0.31ರಿಂದ ಅದನ್ನು ಮುಚ್ಚಿಯೇ ಕೊಡುತ್ತಾರೆ, ಆದರೆ ನಿಮ್ಮ ಹಳೇ ಫೈಲಿಗೆ ಅದು ಗೊತ್ತಿಲ್ಲವಲ್ಲ.

ಮುಂದೆ ಎಂಜಿನ್‌ಎಕ್ಸ್ ಅನ್ನುವ ಬೇರೊಂದು ವೆಬ್ ಸರ್ವರ್ ಕೂತಿದೆ. ಹೊರಗಿನವರಿಗೆ 443 ಒಂದೇ ಕಾಣುವುದು, ಹೆಸರು ನೋಡಿ ಅದು 8081ಕ್ಕೋ 8082ಕ್ಕೋ ಕಳಿಸುತ್ತದೆ. ಟಾಮ್‌ಕ್ಯಾಟ್ ಕನೆಕ್ಟರುಗಳನ್ನು 127.0.0.1ಕ್ಕೆ ಕಟ್ಟಿ. ಇಲ್ಲದಿದ್ದರೆ ಮುಂಬಾಗಿಲಿಗೆ ಬೀಗ, ಹಿತ್ತಲು ಹಾರುಹೊಡೆದಿದೆ ಅನ್ನುವಂತಾಗುತ್ತದೆ.

ಇದರ ಖರ್ಚು ಮೆಮೊರಿ. ಹೀಪ್ ಎಷ್ಟು ಅಂತ ಹೇಳದೆ ಬಿಟ್ಟರೆ ಜಾವಾ ಮೆಷಿನ್ನಿನ ಮೆಮೊರಿಯ ಕಾಲು ಭಾಗ ತನ್ನದು ಅಂದುಕೊಳ್ಳುತ್ತದೆ. 8 ಜಿಬಿಯಲ್ಲಿ ಮೂರು ಜೆವಿಎಂ ಇದ್ದರೆ ಮೂರೂ 2 ಜಿಬಿಯವರೆಗೆ ಕೈ ಚಾಚುತ್ತವೆ. ಹೀಪಿನ ಹೊರಗೆ ಮೆಟಾಸ್ಪೇಸ್ (ಕ್ಲಾಸುಗಳ ವಿವರ ಇಡುವ ಜಾಗ) ಇದೆ, ಥ್ರೆಡ್‌ಗಳ ಸ್ಟ್ಯಾಕ್ ಇದೆ. 64 ಬಿಟ್ ಲಿನಕ್ಸ್‌ನಲ್ಲಿ ಒಂದು ಥ್ರೆಡ್ಡಿಗೆ 1 ಎಂಬಿವರೆಗೆ ಜಾಗ ಕಾದಿರಿಸುತ್ತದೆ. ಇದೆಲ್ಲ ಬಿಟ್ಟು ಡೇಟಾಬೇಸೂ ಅದೇ ಮೆಷಿನ್ನಿನಲ್ಲಿ ಇದ್ದರೆ, ಮೆಮೊರಿ ಮುಗಿದಾಗ ಲಿನಕ್ಸ್ ಯಾರನ್ನಾದರೂ ಕೊಲ್ಲಲೇಬೇಕು. ಜಾಸ್ತಿ ತಿಂದವರನ್ನೇ ಮೊದಲು ಹಿಡಿಯುತ್ತದೆ. ಹಾಗಾಗಿ ಪ್ರತಿಯೊಂದಕ್ಕೂ ಹೀಪಿನ ಮಿತಿ ಬರೆಯಿರಿ. ನಾನು ಚೆಕ್‌ರೋಲ್‌ಗೆ 1 ಜಿಬಿ, ಹೋಂಸ್ಟೇಗೆ ಒಂದೂವರೆ, ಮೂರನೆಯದಕ್ಕೆ 512 ಎಂಬಿ ಕೊಟ್ಟಿದ್ದೇನೆ. ಉಳಿದದ್ದು ಡೇಟಾಬೇಸಿಗೆ ಮತ್ತು ಮೆಷಿನ್ನಿಗೆ.

ಡೇಟಾಬೇಸ್ ಅಂದ ಮೇಲೆ ಇನ್ನೊಂದು. ಒಂದು ಜೆವಿಎಂ ಇದ್ದಾಗ ಹಂಚಿಕೊಂಡ ಕನೆಕ್ಷನ್ ಪೂಲ್ (ಡೇಟಾಬೇಸಿಗೆ ತೆರೆದಿಟ್ಟ ಸಂಪರ್ಕಗಳ ಗುಂಪು) ಒಂದೇ ಇರಬಹುದು, ಮೂರು ಮಾಡಿದಾಗ ಪೂಲೂ ಮೂರು. ಪೋಸ್ಟ್‌ಗ್ರೆಸ್ ಡೇಟಾಬೇಸ್ ತಾನಾಗಿ ಬಿಡುವುದು 100 ಕನೆಕ್ಷನ್. ಒಂದೊಂದು ಪೂಲಿಗೆ 50 ಅಂತ ಉದಾರವಾಗಿ ಬರೆದರೆ ಮೂರನೆಯವನಿಗೆ ಬಡಿಸಲು ಏನೂ ಉಳಿಯುವುದಿಲ್ಲ. ಸಾಮಾನ್ಯ ದಿನ ಗೊತ್ತಾಗುವುದಿಲ್ಲ, ಜನ ಬಂದ ದಿನ ಗೊತ್ತಾಗುತ್ತದೆ.

ನಮ್ಮ ಮಳೆಗಾಲಕ್ಕೆ ಈ ದಾರಿ ಇನ್ನೊಂದು ರೀತಿಯಲ್ಲಿ ಹಿಡಿಸಿತು. ಆಷಾಢದಲ್ಲಿ ಕರೆಂಟ್ ಹೋಗುವುದಕ್ಕೆ ಲೆಕ್ಕವಿಲ್ಲ, ಯುಪಿಎಸ್ ಎಷ್ಟು ಹೊತ್ತು ತಡೆದೀತು? ಸಿಸ್ಟಮ್‌ಡಿಯಲ್ಲಿ ಒಂದೇ ಮಾದರಿ ಫೈಲ್ ಬರೆದು ಮೂರು ಹೆಸರಿನಲ್ಲಿ ಎಬ್ಬಿಸಬಹುದು. ಡೇಟಾಬೇಸ್ ಎದ್ದ ಮೇಲೆ ಏಳು ಅಂತಲೂ ಹೇಳಬಹುದು. ರಾತ್ರಿ ಎರಡಕ್ಕೆ ಕರೆಂಟ್ ಬಂದರೂ ನಾನು ಏಳಬೇಕಾಗಿಲ್ಲ.

ಜಾವಾ ಆವೃತ್ತಿ ಕೇಳಿದರೆ ಅರ್ಧ ಉತ್ತರ ಸಿಕ್ಕಿತು

ಎಷ್ಟೋ ಸಲ ಮೇಲಿನ ಚರ್ಚೆಯೇ ಬೇಕಾಗುವುದಿಲ್ಲ. ನಿಮ್ಮ ಆ್ಯಪ್‌ಗಳು ಯಾವ ಜಾವಾ, ಯಾವ ಟಾಮ್‌ಕ್ಯಾಟ್ ಕೇಳುತ್ತವೆ ನೋಡಿ. ಟಾಮ್‌ಕ್ಯಾಟ್ 9ರವರೆಗೆ ಕ್ಲಾಸುಗಳ ಹೆಸರು ಜಾವಾಎಕ್ಸ್ ಅಂತ ಶುರುವಾಗುತ್ತಿತ್ತು. 10ರಿಂದ ಅದು ಜಕಾರ್ತಾ ಆಯಿತು. ಹಳೇ ವಾರ್ ಫೈಲನ್ನು 10ರ ವೆಬ್‌ಆ್ಯಪ್ಸ್‌ಗೆ ಹಾಗೇ ಹಾಕಿದರೆ ಓಡುವುದಿಲ್ಲ. ಹಳೆಯದನ್ನು ಬದಲಿಸಿಕೊಡುವ ಬೇರೆ ಫೋಲ್ಡರ್ ಅದರಲ್ಲಿ ಇದೆ, ಸರಳ ಆ್ಯಪ್ ಆದರೆ ಪಾಸಾಗುತ್ತದೆ. ಟಾಮ್‌ಕ್ಯಾಟ್ 9ಕ್ಕೆ ಜಾವಾ 8 ಸಾಕು, 10.1ಕ್ಕೆ 11 ಬೇಕು, 11ಕ್ಕೆ 17 ಬೇಕು.

ನಮ್ಮ ಚೆಕ್‌ರೋಲ್ ಜಾವಾ 8 ಕಾಲದ್ದು. ಹೊಸದಾಗಿ ಬರೆಸುತ್ತಿರುವ ಬುಕಿಂಗ್ ಸ್ಪ್ರಿಂಗ್ ಬೂಟ್ 3 ಅನ್ನುವ ಜಾವಾ ಚೌಕಟ್ಟಿನಲ್ಲಿದೆ, ಅದಕ್ಕೆ ಜಾವಾ 17 ಇಲ್ಲದೆ ಆಗುವುದಿಲ್ಲ. ಒಂದು ಜೆವಿಎಂ ಒಳಗೆ ಎಷ್ಟೇ ಕಂಟೇನರ್ ಹಾಕಿ, ಜಾವಾ ಒಂದೇ. ಅಲ್ಲಿಗೆ ಎರಡನೇ ದಾರಿ ತಾನಾಗೇ ಮುಚ್ಚಿತು.

ಜಾರ್ ಒಳಗೇ ಕಂಟೇನರ್, ಆಮೇಲೆ ಡಾಕರ್

ಸ್ಪ್ರಿಂಗ್ ಬೂಟ್ ಬಳಸುವವರಿಗೆ ಪ್ರಶ್ನೆಯೇ ತಿರುಗಿಬಿಟ್ಟಿದೆ. ಸರ್ವರ್ ಒಳಗೆ ಆ್ಯಪ್ ಅಲ್ಲ, ಆ್ಯಪ್ ಒಳಗೇ ಟಾಮ್‌ಕ್ಯಾಟ್. ಒಂದು ಜಾರ್, ಒಂದು ಪೋರ್ಟ್, ಒಂದು ಸಿಸ್ಟಮ್‌ಡಿ ಫೈಲ್. ಹೊಸ ಕೆಲಸಕ್ಕೆ ನಾನು ಇದನ್ನೇ ಆರಿಸುತ್ತೇನೆ. ಒಂದೇ ತಕರಾರು: ಟಾಮ್‌ಕ್ಯಾಟ್‌ನಲ್ಲಿ ಭದ್ರತೆಯ ದೋಷ ಬಂದರೆ ಪ್ರತಿ ಜಾರನ್ನೂ ಮತ್ತೆ ಕಟ್ಟಿ ಹಾಕಬೇಕು. ಬರೆದುಕೊಟ್ಟ ಹುಡುಗ ಬೆಂಗಳೂರಿಗೆ ಹೋಗಿ ಫೋನ್ ಎತ್ತದಿದ್ದರೆ ಕಷ್ಟ.

ಡಾಕರ್ ಇನ್ನೂ ಒಂದು ಹೆಜ್ಜೆ ಮುಂದೆ. ಜಾವಾ, ಟಾಮ್‌ಕ್ಯಾಟ್, ಆ್ಯಪ್ ಎಲ್ಲ ಒಂದೇ ಗಂಟು. ಒಳಗೆ ಎಲ್ಲರೂ 8080ನ್ನೇ ಇಟ್ಟುಕೊಳ್ಳಬಹುದು, ಹೊರಗಿನ ಪೋರ್ಟ್ ಬೇರೆ ಕಟ್ಟಿದರಾಯಿತು. ಮೆಮೊರಿಗೆ ಗಟ್ಟಿಯಾದ ಬೇಲಿ ಹಾಕಬಹುದು. ಆದರೆ ಹಳೇ ಜಾವಾ 8 ಆ ಬೇಲಿಯನ್ನು ನೋಡುವುದೇ ಇಲ್ಲ, ಇಡೀ ಮೆಷಿನ್ ತನ್ನದು ಅಂತ ಲೆಕ್ಕ ಹಾಕಿ ಬೇಲಿಗೆ ಡಿಕ್ಕಿ ಹೊಡೆದು ಸಾಯುತ್ತದೆ. 8ರ 191ನೇ ಅಪ್‌ಡೇಟಿನಿಂದ ಸರಿಯಾಗಿದೆ. ಡಾಕರ್ ಗೊತ್ತಿರುವವರು ಕೈಗೆಟಕುವಂತೆ ಇದ್ದರೆ ಅದನ್ನೇ ಮಾಡಿ. ಮೂರು ಹಳೇ ವಾರ್ ಫೈಲ್ ಓಡಿಸಲು ಮಾತ್ರ ಅದನ್ನು ಕಲಿಯಲು ಕೂರಬೇಕಾ? ನನಗೆ ಹಾಗನಿಸಿಲ್ಲ.

ಈಗಾಗಲೇ ಒಂದೇ ಸರ್ವರಿನಲ್ಲಿ ಎರಡು ಸರ್ವಿಸ್ ಓಡಿಸುತ್ತಿರುವವರು ಬೇರೆ ಮಾಡಲು ಹೊರಟರೆ ಕೆಲಸ ಅಷ್ಟೇನೂ ಇಲ್ಲ. ಹೊಸ ಬೇಸ್ ಮಾಡಿ, ಕಾನ್ಫ್ ಕಾಪಿ ಮಾಡಿ, ಬೇಡದ ಸರ್ವಿಸ್ ಅಳಿಸಿ, ಪೋರ್ಟ್ ಬದಲಿಸಿ, ಹೀಪ್ ಬರೆಯಿರಿ. ಹೊಸದನ್ನು ಮೊದಲು ಟೆಸ್ಟ್ ಡೇಟಾಬೇಸಿಗೆ ಕಟ್ಟಿ ಎಬ್ಬಿಸಿ ನೋಡಿ, ಟೈಮರ್ ಕೆಲಸಗಳನ್ನು ಆಫ್ ಮಾಡಿಯೇ. ಆಮೇಲೆ ಹಳೆಯದನ್ನು ನಿಲ್ಲಿಸಿ, ಹೊಸದನ್ನು ಅಸಲಿಗೆ ಕಟ್ಟಿ, ಎಂಜಿನ್‌ಎಕ್ಸ್‌ನಲ್ಲಿ ಒಂದು ಸಾಲು ತಿರುಗಿಸಿ. ಈ ಕ್ರಮ ತಪ್ಪಿದರೆ ಮತ್ತೆ ಜೋಡಿ ಎಸ್‌ಎಂಎಸ್. ನಾನು ಒಂದು ಮಂಗಳವಾರ ರಾತ್ರಿ ಊಟ ಮುಗಿಸಿ ಕೂತು, ಹನ್ನೊಂದೂವರೆಗೆ ಎದ್ದೆ. ಎಕ್ಸೆಲ್ ಕೋಡನ್ನು ಮಾತ್ರ ಮುಂದಿನ ವಾರ ಸರಿ ಮಾಡಿದೆ. ಅಷ್ಟರೊಳಗೆ ಹೋಂಸ್ಟೇ ಮಾಲೀಕರು ಇನ್ನೊಮ್ಮೆ ಆ ಬಟನ್ ಒತ್ತಿದ್ದರು, ಅವರ ಆ್ಯಪ್ ಒಂದೇ ಮಲಗಿತು.